ನಿಂಗಣ್ಣನಿಗಾದ ಪಾದಸೇವೆ

ಮನುಷ್ಯನಿಗೆ ತನ್ನ ಪಾದ ಎಷ್ಟು ದೊಡ್ಡದೆಂಬುದು ಗೊತ್ತಿರಬೇಕೋ ಬೇಡವೋ? ಗೊತ್ತಿರಲೇಬೇಕು. ನಿಂಗಣ್ಣನಿಗೆ ಗೊತ್ತಿತ್ತು. ಏಳು ನಂಬರು. ಅವನ ಮದುವೆಯಲ್ಲಿ ಮಾವ ಕೊಡಿಸಿದ ಬೂಟು ಏಳು ನಂಬರಿನದು, ಅಂದಮೇಲೆ ಈಗಲೂ ಏಳೇ. ಮಧ್ಯೆ ಇಪ್ಪತ್ತೈದು ವರ್ಷ ಉರುಳಿತ್ತು ನಿಜ. ಅಷ್ಟೂ ವರ್ಷ ಅವನು ಇಳಕಲ್ಲಿನ ಸೀರೆ ಅಂಗಡಿಯೊಂದರ ಗಾದಿಯ ಮೇಲೆ ಬರಿಗಾಲಲ್ಲಿ ಓಡಾಡುತ್ತ, ಬಂದ ಹೆಂಗಸರಿಗೆಲ್ಲ ಸೆರಗು ಬಿಚ್ಚಿ ತೋರಿಸುತ್ತ, ಕೊಳ್ಳದೆ ಹೋದವರನ್ನು ಮನಸ್ಸಿನಲ್ಲೇ ಬೈಯುತ್ತ ಕಳೆದಿದ್ದ. ಇಷ್ಟರಲ್ಲಿ ಪಾದ ಹರಡಿಕೊಂಡಿದೆ ಎಂದು ಯಾರಾದರೂ ಹೇಳಿದರೆ, ನಡತೆ ಕೆಟ್ಟಿದೆ ಅಂದಷ್ಟೇ ಸಿಟ್ಟು ಬರುತ್ತಿತ್ತು ಅವನಿಗೆ.

ಹೇಳಿದವನು ಬೂಟಿನ ಅಂಗಡಿಯ ದಸ್ತಗೀರಸಾಬ.

"ಅಣ್ಣಾರ, ಒಂಬತ್ತು ಹಾಕಿ ನೋಡ್ರಿ. ಕಾಲು ಹರಡ್ಯಾವ."

"ಹರಡಾಕ ಅದೇನು ಕುಂಬಳಬಳ್ಳಿ ಅಂತ ತಿಳಿದಿಯೇನು? ಬೆಳಿಯೂದು ಹುಡುಗರ ಪಾದ. ಐವತ್ತು ದಾಟಿದವಂದು ಕೂದಲಾ ಉದುರತಾವ, ಹಲ್ಲ ಉದುರತಾವ, ಪಾದ ಮಾತ್ರ ಬೆಳೀತಾವೇನು? ಏಳು ತಗಿ!"

ದಸ್ತಗೀರಸಾಬನಿಗೇನು, ಏಳು ಮಾರಿದರೂ ವ್ಯಾಪಾರ, ಒಂಬತ್ತು ಮಾರಿದರೂ ವ್ಯಾಪಾರ. ತೆಗೆದುಕೊಟ್ಟ. ಮನೆಯಲ್ಲಿ ಹೆಂಡತಿ ಅಂಬವ್ವ ಆ ಬೂಟನ್ನೂ ಗಂಡನ ಪಾದವನ್ನೂ ಒಂದೊಂದು ಸಲ ನೋಡಿದಳು.

"ನಮ್ಮ ಸಚಿನಗ ಸಾಲಿ ಬೂಟು ತರೂವಾಗ ಬೆಳಿಯೂ ಹುಡುಗ ಅಂತ ಎರಡು ನಂಬರ ದೊಡ್ಡದು ತಂದು ಮುಂದ ಚಿಂದಿ ತುರುಕ್ತೀರಿ. ನಿಮಗ ಎರಡು ನಂಬರ ಸಣ್ಣದು ತಂದೀರಿ. ಎರಡೂ ಕೂಡಿಸಿ ಭಾಗಾ ಮಾಡಿದ್ರ ಮನ್ಯಾಗ ಒಬ್ಬರಿಗರ ಬೂಟು ಸರಿ ಹೊಂದತಿತ್ತು."

ಈ ಬೂಟಿನ ಉಸಾಬರಿ ಯಾಕೆ ಬಂತೆಂದರೆ, ಮಗಳು ಅನುರಾಧಾಳ ಮದುವೆ ಮಾತುಕತೆ. ಹುಡುಗ ಹುನಗುಂದದ ಮುತ್ತುರಾಜ. ಹೆಣ್ಣು ನೋಡಲು ಹುಡುಗನೂ ಅವನ ಕಡೆಯ ಹೆಂಗಸರೂ ಬಂದು ಹೋಗಿದ್ದರು, ಹೆಣ್ಣು ಒಪ್ಪಿಗೆಯಾಗಿತ್ತು. ಹುಡುಗನ ತಂದೆ ಹುಲ್ಲಪ್ಪ ಮಾಸ್ತರರು ಮಾತ್ರ ಬಂದಿರಲಿಲ್ಲ. ಕೊನೆಯ ಮಾತು ಅವರದು. ಅದನ್ನು ಕೇಳಲು ನಿಂಗಣ್ಣ ಹುನಗುಂದಕ್ಕೆ ಹೋಗಬೇಕು. ಇದಕ್ಕೂ ಮೊದಲು ಎರಡು ಸಂಬಂಧ ಮುರಿದುಬಿದ್ದಿದ್ದವು. ಅನುರಾಧಾಳ ತಪ್ಪಿನಿಂದಲ್ಲ, ನಿಂಗಣ್ಣನ ಬಾಯಿಯಿಂದ. ಒಬ್ಬ ಬೀಗನಾಗಬೇಕಾದವನನ್ನು ಜಿಪುಣ ಅಂದಿದ್ದ, ಇನ್ನೊಬ್ಬನನ್ನು ಇನ್ನೂ ಏನೋ ಅಂದಿದ್ದ.

ಸಂಬಂಧ ಕೂಡಿಸುತ್ತಿದ್ದವನು ಅಂಬವ್ವನ ಕಾಕಾನ ಮಗ ಕನಕಪ್ಪ. ಅವನು ಮೊದಲೇ ಎಚ್ಚರಿಸಿದ್ದ.

"ಮಾವಾ, ಮಾಸ್ತರು ಭಾಳ ಶಿಸ್ತಿನ ಮನುಷ್ಯಾ. ಮಂದಿನ್ನ ಕಾಲು ನೋಡಿ ಅಳೀತಾರ. ಆ ರಬ್ಬರ ಚಪ್ಪಲಿ ಮೆಟ್ಟಿಕೊಂಡು ಬರಬ್ಯಾಡ. ಕಾಲಿಗೆ ಬೂಟು ಹಾಕ್ಕೋ, ಬಾಯಿಗೆ ಕೀಲಿ ಹಾಕ್ಕೋ. ಹನ್ನೆರಡಕ್ಕ ಮನ್ಯಾಗ ಇರಬೇಕು."

ಹೊರಡುವಾಗ ಅನುರಾಧಾ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ಅಪ್ಪಾ, ಈ ಸಲ ಸಿಟ್ಟಿಗೇಳಬ್ಯಾಡ. ಈ ಹುಡುಗ ನನಗ ಮನಸಿಗೆ ಬಂದಾನ."

ನಿಂಗಣ್ಣನ ಕಣ್ಣು ಒದ್ದೆಯಾಯಿತು. ಮಗಳ ಮಾತಿನಿಂದ ಅರ್ಧ, ಬೂಟಿನಿಂದ ಅರ್ಧ.

ಯುಗಾದಿ ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಈ ರಸ್ತೆಯ ತುಂಬ ಶ್ರೀಶೈಲಕ್ಕೆ ನಡೆದು ಹೋಗುವ ಮಲ್ಲಯ್ಯನ ಪಾದಯಾತ್ರಿಗಳು. ಹುನಗುಂದದ ಕಡೆಯಿಂದ ಬಂದು ಇಳಕಲ್ ದಾಟಿ ಮುಂದೆ ಹೋಗುತ್ತಾರೆ. ದಾರಿಯುದ್ದಕ್ಕೂ ಜನ ಚಪ್ಪರ ಹಾಕಿ ಅವರಿಗೆ ಊಟ, ನೀರು ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕಿ, ಬೊಬ್ಬೆಗೆ ಮುಲಾಮು ಹಚ್ಚಿ ಕಳಿಸುತ್ತಾರೆ. ದಣಿದ ಪಾದ ಹಿಡಿಯಲು ಸಿಕ್ಕರೆ ಪುಣ್ಯ. ಸಿಗದಿದ್ದರೆ ಹುಡುಕಿಕೊಂಡು ಹೋಗಿ ಹಿಡಿಯುತ್ತಾರೆ.

ಹೀಗಿರುವಾಗ ನಿಂಗಣ್ಣನ ಬಸ್ಸು ಹುನಗುಂದ ಇನ್ನೂ ಎರಡು ಹರದಾರಿ ಇದೆ ಎನ್ನುವಾಗ ಪಂಕ್ಚರ್ ಆಗಿ ಕುಳಿತಿತು. ಕಂಡಕ್ಟರನನ್ನು ಬೈದ, ಡ್ರೈವರನನ್ನು ಬೈದ, ಟೈರನ್ನು ಬೈದ. ಹೊತ್ತೇರುತ್ತಿತ್ತು. ಮಗಳ ಮುಖ ನೆನಪಾಗಿ ನಡೆದೇ ಹೊರಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಏಳು ನಂಬರು ತನ್ನ ಗುಣ ತೋರಿಸಿತು. ಹಿಮ್ಮಡಿ ಸುಲಿಯಿತು, ಕಿರುಬೆರಳು ಪಕ್ಕದ ಬೆರಳನ್ನು ಹತ್ತಿ ಕುಳಿತಿತು, ಹೆಬ್ಬೆರಳಿಗೆ ಬೊಬ್ಬೆ ಎದ್ದಿತು. ನಿಂಗಣ್ಣ ರಸ್ತೆಯ ಪಕ್ಕದಲ್ಲಿ ಕುಳಿತು ಬೂಟು ಕಿತ್ತು ಚೀಲಕ್ಕೆ ತುರುಕಿದ. ಊರು ಬಂದಾಗ ಹಾಕಿಕೊಂಡರಾಯಿತು, ಮಾಸ್ತರರೇನು ಇಲ್ಲಿ ಬಂದು ನೋಡುತ್ತಾರೆಯೇ?

ಈಗ ನೋಡಿ. ಹಣೆಯ ಮೇಲೆ ಅಂಬವ್ವ ಹಚ್ಚಿದ ಮೂರು ಬೆರಳಿನ ವಿಭೂತಿ. ಹೆಗಲಲ್ಲಿ ಚೀಲ, ಚೀಲದಿಂದ ಇಣುಕುವ ತೆಂಗಿನಕಾಯಿ. ಬರಿಗಾಲು, ಕುಂಟು ನಡಿಗೆ. ಇವನು ಮದುವೆ ಮಾತಿಗೆ ಹೊರಟ ಹೆಣ್ಣಿನ ತಂದೆ ಎಂದು ಯಾವ ಜಾಣ ಹೇಳಿಯಾನು?

ಬೇವಿನ ಮರದ ಕೆಳಗೆ ಯಾತ್ರಿಗಳಿಗೆಂದು ಕಲ್ಲಂಗಡಿ ಕೊಯ್ದಿಟ್ಟುಕೊಂಡು ಕುಳಿತಿದ್ದ ಅಲ್ಲಾಸಾಬ ಓಡಿ ಬಂದು ಕೈ ಹಿಡಿದ.

"ಶರಣ್ರಿ! ಬರ್ರಿ, ನೆಳ್ಳಿಗೆ ಬರ್ರಿ. ಆದ್ರ ನೀವು ಉಲ್ಟಾ ಹೊಂಟೀರಲ್ರಿ? ಶ್ರೀಶೈಲ ಆ ಕಡೆ."

"ನಾ ಶ್ರೀಶೈಲಕ್ಕ ಹೊಂಟಿಲ್ಲೋ ಮಾರಾಯಾ. ಇಳಕಲ್ಲ ಕಡಿಂದ ಬರಾಕತ್ತೀನಿ."

ಅಲ್ಲಾಸಾಬ ಅರೆಗಳಿಗೆ ಬಾಯಿ ತೆರೆದು ನಿಂತ. ಆಮೇಲೆ ಅವನ ಮುಖ ಬೆಳಗಿತು.

"ಯಾ ಅಲ್ಲಾ! ಹೋಗಿ ಮುಟ್ಟಿ, ತಿರುಗಿ ನಡಕೋತನ ಬರಾಕತ್ತೀರೇನ್ರಿ? ಎಲ್ಲಾರೂ ನಡಕೋತ ಹೋಗಿ ಬಸ್ಸಿನ್ಯಾಗ ಬರ್ತಾರ. ಬರೂದೂ ನಡಕೋತ ಬರೂ ಪುಣ್ಯಾತ್ಮನ್ನ ಇವತ್ತ ನೋಡಿದೆ ನೋಡ್ರಿ!"

"ಏ, ನಾ ಯಾತ್ರಿ ಅಲ್ಲೋ!"

"ಕೇಳಿದ್ರೇನ್ರಿ?" ಅಲ್ಲಾಸಾಬ ಸುತ್ತ ಕುಳಿತವರ ಕಡೆ ತಿರುಗಿದ. "ಇಷ್ಟು ನಡದೂ ತಾ ಯಾತ್ರಿ ಅಲ್ಲ ಅಂತಾರ. ಒಂದೀಟರ ಸೊಕ್ಕೈತೇನು ನೋಡ್ರಿ."

ನಾಲ್ಕು ಜನ ಹಿಡಿದು ಕುಳ್ಳಿರಿಸಿದರು. ಇಬ್ಬರು ಒಂದೊಂದು ಕಾಲು ಹಂಚಿಕೊಂಡರು. ಬೇಡವೆಂದು ಕಾಲು ಎಳೆದುಕೊಂಡರೆ ನಾಚಿಕೆ ಅಂದರು. ಬೈದರೆ ದಣಿವು ಅಂದರು. ಸುಮ್ಮನಿದ್ದರೆ ಧ್ಯಾನ ಅಂದರು. ಅನ್ಯಾಯಕ್ಕೂ ಒಂದು ಮಿತಿ ಬೇಡವೇ? ಒಬ್ಬನಂತೂ ಮೋಟರ್ ಸೈಕಲ್ ಏರಿ, ಮುಂದಿನ ಚಪ್ಪರದವರಿಗೆ ಸುದ್ದಿ ಮುಟ್ಟಿಸಲು ಹುನಗುಂದದ ಕಡೆ ಹಾರಿದ. ಅವನ ಹಿಂದೆ ಕುಳಿತು ಹೋಗಿದ್ದರೆ ನಿಂಗಣ್ಣ ಹತ್ತೇ ನಿಮಿಷದಲ್ಲಿ ಊರು ಮುಟ್ಟುತ್ತಿದ್ದ. ಕೇಳಿದ. ಎಲ್ಲರೂ ನಕ್ಕರು. "ಇಷ್ಟು ದೂರ ನಡದು ಈಗ ವ್ರತ ಮುರೀತೀರೇನ್ರಿ? ನಮ್ಮನ್ನ ಪರೀಕ್ಷೆ ಮಾಡಾಕತ್ತೀರಿ!"

ಅಲ್ಲಿಂದ ಬಿಡಿಸಿಕೊಂಡು ಹೊರಟರೆ ದಾರಿಯಲ್ಲಿ ಒಬ್ಬಾಕೆ ಅಡ್ಡ ಬಂದಳು. ಸೊಂಟದಲ್ಲಿ ಒಂದೂವರೆ ವರ್ಷದ ಕೂಸು.

"ಯಪ್ಪಾ, ಇದರ ವಾರಿಗಿ ಹುಡುಗ್ರೆಲ್ಲಾ ಓಡಾಡ್ತಾವ. ಇದು ನಿಂದರತೈತಿ, ಹೆಜ್ಜಿ ಇಡವಲ್ದು. ನಿಮ್ಮ ಪಾದದ ಧೂಳಿ ಇದರ ಕಾಲಿಗೆ ಹಚ್ರಿ."

"ಧೂಳಿ ಹಚ್ಚಾಕ ನಾ ಏನ್ ಸ್ವಾಮೇನು? ದವಾಖಾನಿಗೆ ತೋರಸವಾ!" ಎಂದು ಗದರಿದ ನಿಂಗಣ್ಣನ ಕಣ್ಣು ಕೂಸಿನ ಕಾಲಿನ ಮೇಲೆ ಬಿತ್ತು. ಪೀಂ ಪೀಂ ಅನ್ನುವ ಬೂಟು. ದೊಗಳೆ, ಕಟ್ಟಿಗೆಯಂತೆ ಗಟ್ಟಿ, ಮುಂದೆ ತುಂಬ ಚಿಂದಿ. ಈಗ ಎರಡೂ ಕಾಲು ಉರಿಯುತ್ತಿದ್ದ ನಿಂಗಣ್ಣನಿಗೆ ಲೋಕದ ಬೂಟುಗಳೆಲ್ಲ ವೈರಿಗಳಾಗಿ ಕಂಡವು. "ಇದನ್ನ ಯಾರು ಹಾಕಿದ್ರು ಇದಕ್ಕ? ಕಾಲಿಗೆ ಇಟ್ಟಂಗಿ ಕಟ್ಟಿ ನಡಿ ಅಂದ್ರ ಎಲ್ಲಿ ನಡೀತೈತಿ?" ಎಂದು ಆ ಬೂಟು ಕಿತ್ತು ಬಿಸಾಡಿ ಕೂಸನ್ನು ಮರದ ನೆರಳಿನ ತಂಪು ಮಣ್ಣಿನ ಮೇಲೆ ನಿಲ್ಲಿಸಿದ. ಕೂಸು ಬೆರಳುಗಳನ್ನು ಅಗಲಿಸಿ ಮಣ್ಣು ಹಿಡಿಯಿತು, ಒಮ್ಮೆ ತೂಗಾಡಿತು, ಆಮೇಲೆ ತಾಯಿಯ ಕಡೆ ಪುಟುಪುಟು ನಾಲ್ಕು ಹೆಜ್ಜೆ ಇಟ್ಟು ಅವಳ ಸೀರೆ ಹಿಡಿದು ನಿಂತಿತು.

ಮುಗಿಯಿತಲ್ಲ ಕಥೆ! ಆಕೆ ಅಡ್ಡಬಿದ್ದಳು. ಹಿಂದೆ ಬರುತ್ತಿದ್ದವರೂ ಅಡ್ಡಬಿದ್ದರು. "ಬೂಟು ದೊಡ್ಡದಾಗಿತ್ತ್ರೋ, ಅಷ್ಟ!" ಎಂದು ನಿಂಗಣ್ಣ ಗಂಟಲು ಹರಿಯುವಂತೆ ಕೂಗಿದ. ಆ ಕೂಗಿಗೂ ಜನ "ಉಘೇ ಉಘೇ" ಎಂದು ಉತ್ತರ ಕೊಟ್ಟರು.

ಹುನಗುಂದದ ಅಂಚಿನ ಚಪ್ಪರ ಮುಟ್ಟಿದಾಗ ನಿಂಗಣ್ಣನ ಹಿಂದೆ ಒಂದು ಮೆರವಣಿಗೆಯೇ ಇತ್ತು. ಬೂಟು ಹಾಕಿಕೊಳ್ಳಲು ಒಂದು ಮರೆ ಸಿಕ್ಕಿರಲಿಲ್ಲ. ಚಪ್ಪರದವರು ಅವನನ್ನು ಎತ್ತಿ ಕುರ್ಚಿಯ ಮೇಲೆ ಕೂಡಿಸಿದರು. ತಲೆಗೆ ಟವೆಲ್ ಸುತ್ತಿ, ಹಳೆಯ ಧೋತರ ಮೊಣಕಾಲಿನ ಮೇಲೆ ಕಟ್ಟಿದ ಒಬ್ಬ ಮುದುಕ ಅಗಲವಾದ ತಾಮ್ರದ ಪರಾತದಲ್ಲಿ ನೀರು ತಂದಿಟ್ಟು ಎದುರಿಗೆ ಕುಳಿತ.

"ಇವರು ಪ್ರತಿವರ್ಷ ಸೇವಾಕ್ಕ ಬರ್ತಾರ್ರಿ," ಪಕ್ಕದಲ್ಲಿ ನಿಂತವನೊಬ್ಬ ಹೇಳಿದ. "ಎಷ್ಟ ಬಿಸಲಿರಲಿ, ಬರಿಗಾಲಲೆ ಅಡ್ಡಾಡತಾರ. ಕಾಲು ಸುಡೂದ ಇಲ್ಲ. ದೈವಬಲ!"

ಮುದುಕ ನಿಂಗಣ್ಣನ ಪಾದ ಹಿಡಿದು ತೊಳೆಯತೊಡಗಿದ.

"ಏ ಮುದಕಾ, ಬಿಡೋ ಕಾಲು! ನನಗ ಹೊತ್ತಾಗೇತಿ!"

ಮುದುಕ ಹಿಮ್ಮಡಿ ತೊಳೆದ.

"ನಿನಗ ಹೇಳಾಕತ್ತೀನಿ! ಇವತ್ತ ನನ್ನ ಮಗಳ ನಶೀಬದ ಮಾತೈತಿ. ಹನ್ನೆರಡಕ್ಕ ಬೀಗನ ಮುಂದ ಹೋಗಿ ನಿಂದರಬೇಕು. ಒಂದ ನಿಮಿಷ ತಡಾ ಆದ್ರ ಆ ಒಣ ಕೊರಡಿನಂಥಾ ಮನುಷ್ಯಾ ಸಂಬಂಧ ಮುರದು ಕೈಯಾಗ ಕೊಡತಾನ."

ಮುದುಕ ಬೆರಳ ಸಂದಿಗೆ ಬಂದ. "ಯಾರ್ರಿ ಅವರು?"

"ಹುಲ್ಲಪ್ಪ ಮಾಸ್ತರ ಅಂತ. ಮಂದಿ ಕಾಲು ನೋಡಿ ಅಳೀತಾನಂತ! ಕಾಲು ನೋಡಿ ಮನುಷ್ಯಾನ ಬೆಲಿ ಕಟ್ಟಾಕ ಇವನೇನು ಎತ್ತಿನ ದಲಾಲೇನು? ಅವನ ಸಲುವಾಗಿ ಆ ಹಾಳ ಬೂಟು ತಂದು, ನನ್ನ ಕಾಲು ಹೋಗಿ, ಇಷ್ಟೆಲ್ಲಾ ರಗಳಿ ಆತು. ನಾ ಏನರ ಅಂದ್ರ ನನಗ ಬಾಯಿ ಭಾಳ ಅಂತಾರ!"

ಮುದುಕ ನಿಧಾನವಾಗಿ ಎರಡೂ ಪಾದ ಒರೆಸಿದ. ಬೊಬ್ಬೆಗೆ ಮುಲಾಮು ಹಚ್ಚಿದ, ಪಟ್ಟಿ ಕಟ್ಟಿದ. ಆಮೇಲೆ ತಲೆಯ ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ.

"ಹುಲ್ಲಪ್ಪ ಮಾಸ್ತರ ಅಂದ್ರ ನಾನು."

ಅದೇ ಹೊತ್ತಿಗೆ, ಮಾವ ಇನ್ನೂ ಬರಲಿಲ್ಲವೆಂದು ಹುಡುಕುತ್ತ ಬಂದ ಕನಕಪ್ಪ ಚಪ್ಪರದ ಬಾಗಿಲಲ್ಲಿ ನಿಂತು ಈ ನೋಟ ನೋಡಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಅವನ ಹಿಂದೆ ಹುಡುಗ ಮುತ್ತುರಾಜ.

ಆಮೇಲೆ ಎದ್ದ ಗದ್ದಲ ಕೇಳಬೇಡಿ. ಮದುವೆಯಲ್ಲಿ ಹೆಣ್ಣಿನ ತಂದೆ ಅಳಿಯನ ಕಾಲು ತೊಳೆಯುವುದು ರೂಢಿ. ಇಲ್ಲಿ ಹುಡುಗನ ತಂದೆಯೇ ಹೆಣ್ಣಿನ ತಂದೆಯ ಕಾಲು ತೊಳೆದು ಕುಳಿತಿದ್ದಾರೆ, ಅದೂ ಬೈಸಿಕೊಳ್ಳುತ್ತ! ಅದೇ ಚಪ್ಪರದಲ್ಲಿ ಸೇವೆಗೆ ಬಂದಿದ್ದ ಮಾಸ್ತರರ ಅಣ್ಣ ತಮ್ಮಂದಿರು ಎದ್ದು ನಿಂತರು. "ಗಂಡಿನ ಕಡಿಯವರ ಮಾನ ಏನುಳೀತು?" ಎಂದರು. ಯಾತ್ರಿಯ ವೇಷ ಹಾಕಿ ಸೇವೆ ಮಾಡಿಸಿಕೊಂಡ ಕಳ್ಳ ಎಂದರು. ಹಿಂದೆ ಬಂದ ಮೆರವಣಿಗೆ, ಕೂಸನ್ನು ನಡೆಸಿದ ಮಹಾತ್ಮನಿಗೆ ಕಳ್ಳ ಅಂತೀರಾ ಎಂದು ಇವರ ಮೇಲೆ ಏರಿ ಬಂತು.

ಮಾಸ್ತರರು ಕೈ ಎತ್ತಿದರು. ಮೂವತ್ತು ವರ್ಷ ಸಾಲಿ ನಡೆಸಿದ ಕೈ, ಎಲ್ಲರೂ ಸುಮ್ಮನಾದರು.

"ಮಾತು ಮುರಿಯೂದಿಲ್ಲ. ಆದ್ರ ಲೆಕ್ಕ ಸರಿ ಆಗಬೇಕು. ನಾ ನಿಮ್ಮ ಕಾಲು ತೊಳದೇನಿ. ಈಗ ಇಲ್ಲೇ, ಎಲ್ಲಾರ ಮುಂದ, ನೀವು ನನ್ನ ಕಾಲು ತೊಳೀರಿ. ಆಮ್ಯಾಲೆ ಮುಂದಿನ ಮಾತು."

ನಿಂಗಣ್ಣನ ಮೈಯೆಲ್ಲ ಉರಿದುಹೋಯಿತು. ನಾನು ಕರೆದಿದ್ದೆನೇ? ಬೇಡ ಬೇಡ ಅಂದರೂ ಕಾಲು ಹಿಡಿದವರು ಯಾರು? ಬೆಳಗಿನಿಂದ ಊರ ಜನ ತನ್ನ ಕಾಲನ್ನು ಹಬ್ಬದ ಹೋಳಿಗೆಯ ಕಣಕದಂತೆ ನಾದಿದ್ದಾರೆ, ಒಬ್ಬನಾದರೂ ತನ್ನ ಮಾತು ಕಿವಿಗೆ ಹಾಕಿಕೊಂಡನೇ? ಈಗ ಲೆಕ್ಕವಂತೆ! ಬಾಯಿ ತೆರೆದ. ಕನಕಪ್ಪ ಕಣ್ಣು ಮುಚ್ಚಿಕೊಂಡ. ನಿಂಗಣ್ಣನ ಕಣ್ಣ ಮುಂದೆ, ಬೆಳಿಗ್ಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅನುರಾಧಾ ಬಂದಳು. ತೆರೆದ ಬಾಯನ್ನು ಮುಚ್ಚಿದ. ಕುರ್ಚಿಯಿಂದಿಳಿದು ಕೆಳಗೆ ಕುಳಿತು, ಪರಾತವನ್ನು ತನ್ನ ಕಡೆಗೆ ದರದರ ಎಳೆದುಕೊಂಡ. ಇದಕ್ಕಿಂತ ದೊಡ್ಡ ತ್ಯಾಗವನ್ನು ಅವನು ಹಿಂದೆ ಮಾಡಿರಲಿಲ್ಲ.

ಮಾಸ್ತರರು ಕುರ್ಚಿಯ ಮೇಲೆ ಕುಳಿತು ಬಲಗಾಲು ಮುಂದಿಟ್ಟರು. ನಿಂಗಣ್ಣ ಸಿಟ್ಟಿನಿಂದಲೇ ಪಾದ ಎತ್ತಿ ಅಡಿಗೆ ಕೈ ಹಾಕಿದ. ಏನೋ ಚುಚ್ಚಿತು. ಬಗ್ಗಿ ನೋಡಿದ.

"ರೀ ಮಾಸ್ತರ, ನಿಮ್ಮ ಕಾಲಾಗ ಮುಳ್ಳ ಐತಿ."

"ಎಲ್ಲಿ? ನನಗೇನೂ ಆಗವಲ್ದು."

"ಏನೂ ಆಗವಲ್ದು? ಜಾಲಿಮುಳ್ಳು! ಮುರದು ಒಳಗ ಕುಂತೈತಿ. ಸುತ್ತ ಬಾತು ಕೀವಾಗೇತಿ. ಇದೇನು ಇವತ್ತಿಂದಲ್ಲ!" ನಿಂಗಣ್ಣ ಹೆಬ್ಬೆರಳಿನಿಂದ ಆ ಜಾಗ ಒತ್ತಿದ. "ನೋವಾತೇನ್ರಿ?"

"ಇಲ್ಲ."

"ಇಲ್ಲಿ?"

"ಊಹೂಂ. ಎರಡು ವರ್ಷ ಆತು, ಪಾದ ಜೋಮು ಹಿಡದಂಗ ಇರತೈತಿ. ಸೇವಾದ ಪುಣ್ಯ, ನೋವು ತ್ರಾಸು ಒಂದೂ ಗೊತ್ತಾಗೂದಿಲ್ಲ ಅಂತ ಎಲ್ಲಾರೂ..."

"ಪುಣ್ಯ ಅಂತ, ಪುಣ್ಯ!" ನಿಂಗಣ್ಣ ಎದ್ದು ನಿಂತ. ಬೆಳಗಿನಿಂದ ಕಟ್ಟಿಟ್ಟ ಬಾಯಿ ಈಗ ಕಟ್ಟೆಯೊಡೆದು ಹರಿಯಿತು. "ನಮ್ಮ ಅಂಗಡಿ ಸಾವಕಾರ್ರಿಗೂ ಹಿಂಗ ಆಗಿತ್ತು. ಸಕ್ಕರಿ ಬ್ಯಾನಿ! ನೋವಿಲ್ಲಾ ನೋವಿಲ್ಲಾ ಅನಕೋತ ಕುಂತ್ರು, ಹೆಬ್ಬೆರಳು ತಗೀಬೇಕಾತು. ನೋವ ಇಲ್ಲಾ ಅನ್ನೂದ ರೋಗ್ರಿ! ರಗತ ತಪಾಸ ಮಾಡಿಸೀರೇನು?"

"ಇಲ್ಲ."

"ಮೂವತ್ತು ವರ್ಷ ಸಾಲಿ ಕಲಿಸೀರಿ! ದಾರಿ ಮ್ಯಾಲೆ ಹೋಗೂ ಮಂದಿ ಪಾದ ಹಿಡದು ಹಿಡದು ಬೆರಳ ಸಂದಿ ಒರಸ್ತೀರಿ. ನಿಮ್ಮ ಪಾದ ಒಂದಿನಾರ ತಿರುವಿ ನೋಡ್ಕೊಂಡೀರೇನ್ರಿ? ನಾಳೆ ಕಾಲು ಹೋದ್ರ ನನ್ನ ಮಗಳು ಯಾರಿಗೆ ನಮಸ್ಕಾರ ಮಾಡಬೇಕು? ಏ ಮುತ್ತುರಾಜಾ, ಏನು ನೋಡ್ಕೋತ ನಿಂತಿ? ಆಟೋ ತರಸು! ಮಾನ ಹೋತು ಮಾನ ಹೋತು ಅಂತ ಕುಣದ್ರೆಲ್ಲಾ, ಕಾಲು ಹೋಗೂದು ಒಬ್ಬನ ಕಣ್ಣಿಗರ ಬಿತ್ತೇನು?"

ಮಾಸ್ತರರು ಮೊಟ್ಟಮೊದಲ ಬಾರಿಗೆ ತಮ್ಮ ಕಾಲು ಮಡಚಿ, ಕನ್ನಡಕ ಸರಿಮಾಡಿಕೊಂಡು, ಅಂಗಾಲು ನೋಡಿಕೊಂಡರು. ಕಪ್ಪಗೆ ಬಾತುಕೊಂಡ ಆ ಜಾಗವನ್ನು ಬೆರಳಿನಿಂದ ಮುಟ್ಟಿದರು, ಮತ್ತೊಮ್ಮೆ ಮುಟ್ಟಿದರು. ಬೆರಳಿಗೆ ಕಾಲು ಗೊತ್ತಾಯಿತು, ಕಾಲಿಗೆ ಬೆರಳು ಗೊತ್ತಾಗಲಿಲ್ಲ.

ಆಟೋದಲ್ಲಿ ಮಾಸ್ತರರ ಪಾದ ನಿಂಗಣ್ಣನ ತೊಡೆಯ ಮೇಲಿತ್ತು. ದವಾಖಾನೆ ಮುಟ್ಟುವವರೆಗೂ ಅವನ ಬೈಗುಳ ನಿಲ್ಲಲಿಲ್ಲ. ಬರಿಗಾಲನ್ನು ಬೈದ, ಬೂಟನ್ನು ಬೈದ, ದೈವಬಲ ಅಂದವನನ್ನು ಬೈದ. ಮಾಸ್ತರರು ತಪ್ಪು ಮಾಡಿದ ವಿದ್ಯಾರ್ಥಿಯಂತೆ ತಲೆ ತಗ್ಗಿಸಿ ಕೇಳಿದರು. ಮುಂದೆ ಡ್ರೈವರನ ಪಕ್ಕದಲ್ಲಿ ತುರುಕಿಕೊಂಡು ಕುಳಿತ ಕನಕಪ್ಪ ಮಾತ್ರ ಮುಗಿಯಿತು, ಮೂರನೆಯದೂ ಮುಗಿಯಿತು ಎಂದು ಗೊಣಗುತ್ತಿದ್ದ.

ಡಾಕ್ಟರರು ಮುಳ್ಳು ತೆಗೆದು ತೊಳೆದು ಕಟ್ಟಿದರು. ರಕ್ತ ನೋಡಿದರೆ ಸಕ್ಕರೆ ಮಿತಿ ಮೀರಿ ಏರಿತ್ತು. ಒಂದು ವಾರ ತಡವಾಗಿದ್ದರೆ ಪಾದ ಉಳಿಯುವುದು ಕಷ್ಟವಿತ್ತು ಎಂದರು. ಅದನ್ನು ಕೇಳಿ ನಿಂಗಣ್ಣ ಇನ್ನೊಂದು ಸುತ್ತು ಬೈಯಲು ಶುರು ಮಾಡಿದ. "ಇನ್ನ ಮ್ಯಾಲೆ ದಿನಾ ಮುಂಜಾನೆ ಎದ್ದು ದೇವರ ಮುಖ ಆಮ್ಯಾಲೆ ನೋಡ್ರಿ, ಮೊದಲ ಅಂಗಾಲು ನೋಡ್ಕೊಳ್ರಿ! ಕನ್ನಡಿ ಹಿಡದು ನೋಡ್ಕೊಳ್ರಿ!"

ಕಂಪೌಂಡರನಿಗೆ ತಲೆ ಚಿಟ್ಟು ಹಿಡಿಯಿತು. ಒಬ್ಬನ ಎರಡೂ ಕಾಲಿಗೆ ಪಟ್ಟಿ, ಇನ್ನೊಬ್ಬನ ಒಂದು ಕಾಲಿಗೆ ಪಟ್ಟಿ, ಮೇಲೆ ಈ ಕಿರುಚಾಟ.

"ಏನ್ರಿ ಇದು, ಹೊಡದಾಡಿ ಬಂದೀರೇನು? ಮಾಸ್ತರ, ಈ ಮನುಷ್ಯಾನ್ನ ಹೊರಗ ಹಾಕಲೇನ್ರಿ? ಯಾರ್ರಿ ಇವರು, ನಿಮಗ ಏನಾಗಬೇಕು?"

ಹುಲ್ಲಪ್ಪ ಮಾಸ್ತರರು ಮಂಚದ ಮೇಲೆ ಎದ್ದು ಕುಳಿತರು. ಇಡೀ ದವಾಖಾನೆ ನಡುಗುವಂತೆ ಗುಡುಗಿದರು:

"ಬಾಯಿ ಬಿಗಿ ಹಿಡದು ಮಾತಾಡು! ಹೊರಗಿನವರ ಕಡಿಂದ ನಾ ಇಷ್ಟ ಬೈಸ್ಕೋತೇನೇನು? ಬೀಗರು! ನಮ್ಮ ಬೀಗರು ಇವರು!"

ಕನಕಪ್ಪ ಒಂದು ಕ್ಷಣವೂ ನಿಲ್ಲಲಿಲ್ಲ. ಮಾತು ಬಾಯಿಂದ ಬಿದ್ದಾಗಲೇ ಹಿಡಿದುಕೊಳ್ಳಬೇಕು. ಎದುರಿನ ಕಿರಾಣಿ ಅಂಗಡಿಗೆ ಓಡಿ, ಮದುವೆ ನಿಶ್ಚಯವಾದಾಗ ಹಂಚುವ ಸಕ್ಕರೆಯನ್ನು ಪೊಟ್ಟಣ ಕಟ್ಟಿಸಿಕೊಂಡು ಬಂದ. ಮುತ್ತುರಾಜನಿಗೆ ಕೊಟ್ಟ, ಕಂಪೌಂಡರನಿಗೂ ಒಂದು ಚಿಟಿಕೆ ಕೊಟ್ಟ. ಮಾಸ್ತರರೂ ಸಂತೋಷದಿಂದ ಕೈ ಚಾಚಿದರು.

ನಿಂಗಣ್ಣ ಆ ಕೈಯ ಮೇಲೆ ಪಟ್ಟನೆ ಒಂದು ಹೊಡೆದ.